ಹಳೆಯ ಮರದಿಂದ ಕಡಿಮೆ ವೆಚ್ಚದ ಲಂಬ ಕೈತೋಟ: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ನಂಜನಗೂಡು ಮತ್ತು ತಿ. ನರಸೀಪುರ ಪಟ್ಟಣಗಳ ಹಳೆಯ ಬೀದಿಗಳಲ್ಲಿ ಹಿತ್ತಲುಗಳು ಕಿರಿದಾಗಿದ್ದು, ಅನೇಕ ಮನೆಗಳಲ್ಲಿ ಜಗಲಿ, ತಾರಸಿ ಅಥವಾ ಬಚ್ಚಲ ಹಿಂದಿನ ಓಣಿ ಮಾತ್ರ ಉಳಿದಿರುತ್ತದೆ. ಇಂತಹ ಕಡೆ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಅಂತಸ್ತಾಗಿ ನಿಲ್ಲಿಸಿ ಸೊಪ್ಪು ತರಕಾರಿ ಬೆಳೆಯುವ ವಿಧಾನಕ್ಕೆ ಲಂಬ ಕೈತೋಟ ಎನ್ನಲಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇದೇ ಉದ್ದೇಶಕ್ಕಾಗಿ ‘ಅರ್ಕಾ ವರ್ಟಿಕಲ್ ಗಾರ್ಡನ್’ ಎಂಬ ರಚನೆಯನ್ನು ಅಭಿವೃದ್ಧಿಪಡಿಸಿದೆ. ಸಿದ್ಧ ರಚನೆಯನ್ನು ಕೊಳ್ಳಲು ಸಾಧ್ಯವಿಲ್ಲದವರು ಮನೆಯಲ್ಲಿರುವ ಹಳೆಯ ಮರದಿಂದಲೇ ಇದನ್ನು ತಯಾರಿಸಿಕೊಳ್ಳಬಹುದಾಗಿದೆ. ಆದರೆ ಹಳೆಯ ಮರವೆಲ್ಲವೂ ತಿನ್ನುವ ಸೊಪ್ಪು ಬೆಳೆಯಲು ಯೋಗ್ಯವಲ್ಲ. ಮರವು ಹಿಂದೆ ಯಾವ ಕೆಲಸಕ್ಕೆ ಬಳಕೆಯಾಗಿತ್ತು ಎಂಬುದನ್ನು ಮೊದಲು ತಿಳಿದುಕೊಂಡು ನಂತರ ಗರಗಸ ಹಿಡಿಯುವುದು ಸೂಕ್ತ.

ಮರದ ಆಯ್ಕೆ

ಹೆಂಚಿನ ಮನೆಗಳನ್ನು ಕೆಡವಿದಾಗ ದೊರೆಯುವ ರೀಪು, ಜಂತೆ ಮತ್ತು ಬಾಗಿಲುವಾಡಗಳು ಬಣ್ಣ ಕಾಣದವಾಗಿದ್ದಲ್ಲಿ ಅತ್ಯುತ್ತಮ. ತೇಗ, ಹೊನ್ನೆ, ಹಲಸು ಮರಗಳ ಚೇಗು ತೇವದಲ್ಲಿಯೂ ಹಲವು ವರ್ಷ ಬಾಳುತ್ತದೆ. ಟೊಮ್ಯಾಟೊ ಮತ್ತು ಹಣ್ಣಿನ ಮರದ ಪೆಟ್ಟಿಗೆಗಳನ್ನೂ ಬಳಸಬಹುದು. ಆದರೆ ಅವುಗಳ ಹಲಗೆ ತೆಳುವಾದುದರಿಂದ ಹೆಚ್ಚು ದಿನ ತಡೆಯುವುದಿಲ್ಲ. ಅಡಿಕೆ ದಬ್ಬೆಯು ಪೆಟ್ಟಿಗೆಯ ತಳಕ್ಕೆ ಅನುಕೂಲಕರವಾಗಿದೆ.

ನಂಜನಗೂಡಿನ ಕೈಗಾರಿಕಾ ಪ್ರದೇಶದಿಂದ ಹೊರಬರುವ ಪ್ಯಾಕಿಂಗ್ ಮರ, ಅಂದರೆ ಸಾಮಾನು ಹೇರುವ ಪ್ಯಾಲೆಟ್‌ಗಳು, ಗುಜರಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ದೊರೆಯುವುದರಿಂದ ಜನರು ಇವನ್ನೇ ಹೆಚ್ಚು ಆಶಿಸುತ್ತಾರೆ. ಅಂತರರಾಷ್ಟ್ರೀಯ ಸಾಗಣೆಯ ಪ್ಯಾಲೆಟ್‌ಗಳ ಮೇಲೆ ತೆನೆಯ ಚಿತ್ರವಿರುವ ಸುಟ್ಟ ಅಥವಾ ಅಚ್ಚೊತ್ತಿದ ಮುದ್ರೆ ಇರುತ್ತದೆ. ಅದರಲ್ಲಿ ‘ಎಚ್.ಟಿ.’ ಎಂದಿದ್ದರೆ ಮರವನ್ನು ಶಾಖದಿಂದ ಸಂಸ್ಕರಿಸಲಾಗಿದೆ ಎಂದೂ, ‘ಎಂ.ಬಿ.’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಸಂಸ್ಕರಿಸಲಾಗಿದೆ ಎಂದೂ ಅರ್ಥ. ಮೊದಲನೆಯದನ್ನು ಬಳಸಬಹುದು, ಎರಡನೆಯದನ್ನು ಕೈತೋಟಕ್ಕೆ ತರಬಾರದು. ದೇಶದೊಳಗೆ ಓಡಾಡುವ ಪ್ಯಾಲೆಟ್‌ಗಳಿಗೆ ಮುದ್ರೆ ಕಡ್ಡಾಯವಲ್ಲ. ಆದ್ದರಿಂದ ಮುದ್ರೆ ಇಲ್ಲದಿದ್ದ ಮಾತ್ರಕ್ಕೆ ಮರ ಕೆಟ್ಟದ್ದೆಂದಾಗಲಿ, ಮುದ್ರೆ ಇದ್ದ ಮಾತ್ರಕ್ಕೆ ಒಳ್ಳೆಯದೆಂದಾಗಲಿ ಭಾವಿಸತಕ್ಕದ್ದಲ್ಲ. ಮುದ್ರೆಯು ಮರದ ಸಂಸ್ಕರಣೆಯನ್ನು ಹೇಳುತ್ತದೆಯೇ ಹೊರತು, ನಂತರ ಅದರ ಮೇಲೆ ಯಾವ ಪೀಪಾಯಿ ಸೋರಿತು ಎಂಬುದನ್ನು ಹೇಳುವುದಿಲ್ಲ. ಕಲೆ, ಎಣ್ಣೆಯ ಜಿಡ್ಡು ಅಥವಾ ಔಷಧಿಯ ವಾಸನೆ ಇರುವ ಹಲಗೆಯನ್ನು ಉಚಿತವಾಗಿ ಕೊಟ್ಟರೂ ಸ್ವೀಕರಿಸಬಾರದು.

ಈ ಕೆಳಕಂಡ ಮರಗಳನ್ನು ಯಾವುದೇ ಕಾರಣಕ್ಕೂ ಬಳಸಕೂಡದು. ಕಾರ್ಖಾನೆಗಳ ಕೂಲಿಂಗ್ ಟವರ್‌ಗಳಿಂದ ಬಿಚ್ಚಿದ ಮರ ಮತ್ತು ಸಂಸ್ಕರಿಸಿದ ಕಂಬಗಳಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಲವಣಗಳಿರುವ ಸಾಧ್ಯತೆ ಇದ್ದು, ಇಂತಹ ಮರ ಸಾಮಾನ್ಯವಾಗಿ ತಿಳಿ ಹಸಿರು ಛಾಯೆಯಲ್ಲಿರುತ್ತದೆ. ಹಳೆಯ ರೈಲ್ವೆ ಸ್ಲೀಪರ್‌ಗಳಿಗೆ ಕ್ರಿಯೋಸೋಟ್ ಎಂಬ ಡಾಂಬರಿನಂತಹ ದ್ರವವನ್ನು ಉಣಿಸಿರುತ್ತಾರೆ. ಬಿಸಿಲಿಗೆ ಇಟ್ಟರೆ ವಾಸನೆಯಿಂದಲೇ ತಿಳಿಯುತ್ತದೆ. ಪ್ಲೈವುಡ್ ಮತ್ತು ಒತ್ತು ಹಲಗೆಗಳು ಅಂಟಿನ ಕಾರಣದಿಂದಲೂ, ನೀರಿಗೆ ಉಬ್ಬುವುದರಿಂದಲೂ ಯೋಗ್ಯವಲ್ಲ.

ಬಣ್ಣ ಬಳಿದ ಹಳೆಯ ಕಿಟಕಿ ಬಾಗಿಲುಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ದಶಲಕ್ಷಕ್ಕೆ 90 ಭಾಗಗಳಿಗೆ ಮಿತಿಗೊಳಿಸಿದ ಕೇಂದ್ರ ಸರ್ಕಾರದ ನಿಯಮಗಳು 2016ರಲ್ಲಿ ಹೊರಬಿದ್ದು 2017ರ ನವೆಂಬರ್‌ನಿಂದ ಜಾರಿಗೆ ಬಂದವು. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸವಿದೆ ಎಂದೇ ಭಾವಿಸುವುದು ಕ್ಷೇಮ. ಅಂತಹ ಬಣ್ಣವನ್ನು ಉಜ್ಜಿ ತೆಗೆಯುವಾಗ ಏಳುವ ಧೂಳು ಬಣ್ಣಕ್ಕಿಂತ ಅಪಾಯಕಾರಿ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಈ ಕೆಲಸವನ್ನು ಮಾಡಲೇಬಾರದು. ಬಣ್ಣದ ಬಾಗಿಲನ್ನು ಬಾಗಿಲಾಗಿಯೇ ಮಾರಿ, ಬಂದ ಹಣದಲ್ಲಿ ಬಣ್ಣವಿಲ್ಲದ ರೀಪು ಕೊಳ್ಳುವುದು ಲಾಭಕರ.

ಕಪಿಲಾ ನದಿಯು 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನುಗ್ಗಿದ್ದನ್ನು ನಾಗರಿಕರು ಬಲ್ಲರು. ನೆರೆಯಲ್ಲಿ ನೆನೆದ ಮರಕ್ಕೆ ಚರಂಡಿಯ ನೀರೂ ಸೇರಿರುತ್ತದೆ. ಇದನ್ನು ತೊಳೆದು ಹಲವು ವಾರ ಬಿಸಿಲಿನಲ್ಲಿ ಒಣಗಿಸಿ ಚೌಕಟ್ಟಿನ ಕಾಲುಗಳಿಗೆ ಮಾತ್ರ ಬಳಸಬೇಕು. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಗಳ ಪೆಟ್ಟಿಗೆಗೆ ಇದು ಬೇಡ.

ಮನೆಯಲ್ಲಿರುವ ಹಳೆಯ ಮರವನ್ನು ಪುನಃ ಬಳಸುವುದು ಬೇರೆ, ನಿಂತ ಮರವನ್ನು ಕಡಿಯುವುದು ಬೇರೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ವಿನಾಯಿತಿ ಪಡೆದ ಜಾತಿಗಳನ್ನು ಹೊರತುಪಡಿಸಿ ಉಳಿದ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯವರ ಪೂರ್ವಾನುಮತಿ ಅಗತ್ಯ.

ರಚನೆ

ನೆಲದಲ್ಲಿ 3 ಅಡಿ ಉದ್ದ, ಒಂದೂವರೆ ಅಡಿ ಅಗಲದ ಜಾಗವಿದ್ದರೆ ಸಾಕು. ಗೋಡೆಗೆ ಒರಗಿಸಿದ ಏಣಿಯಂತೆ 5 ಅಡಿ ಎತ್ತರದ ಚೌಕಟ್ಟು ಕಟ್ಟಿ, ಅದರಲ್ಲಿ ಸುಮಾರು 14 ಅಂಗುಲ ಅಂತರದಲ್ಲಿ ನಾಲ್ಕು ಪೆಟ್ಟಿಗೆಗಳನ್ನು ಕೂರಿಸಬೇಕು. ಚೌಕಟ್ಟಿನ ಮುಂಗಾಲು ಓರೆಯಾಗಿರುವುದರಿಂದ ಮೇಲಿನ ಪೆಟ್ಟಿಗೆಯು ಕೆಳಗಿನದಕ್ಕಿಂತ ಹಿಂದೆ ಸರಿದು, ಎಲ್ಲ ಅಂತಸ್ತುಗಳಿಗೂ ಬೆಳಕು ಸಿಗುತ್ತದೆ. ಪೆಟ್ಟಿಗೆಯ ಒಳ ಅಳತೆ 3 ಅಡಿ ಉದ್ದ, 6 ಅಂಗುಲ ಅಗಲ, 6 ಅಂಗುಲ ಆಳ. ಮೆಣಸಿನ ಗಿಡ ಬೇಕೆನ್ನುವವರು ಕೆಳಗಿನ ಪೆಟ್ಟಿಗೆಯನ್ನು 9 ಅಂಗುಲ ಆಳಕ್ಕೆ ಮಾಡಿಕೊಳ್ಳಬಹುದು. ತಳದಲ್ಲಿ 6 ಅಂಗುಲಕ್ಕೊಂದರಂತೆ ಕಿರುಬೆರಳು ಹಿಡಿಯುವಷ್ಟು ರಂಧ್ರ ಕೊರೆಯತಕ್ಕದ್ದು.

ಭಾರದ ಲೆಕ್ಕವನ್ನು ಬಹಳ ಮಂದಿ ಮರೆಯುತ್ತಾರೆ. ಇಂತಹ ಒಂದು ಪೆಟ್ಟಿಗೆಯಲ್ಲಿ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ. ನೀರು ಕುಡಿದ ಮೇಲೆ ಅದು 20ರಿಂದ 25 ಕೆ.ಜಿ. ತೂಗುತ್ತದೆ. ನಾಲ್ಕು ಪೆಟ್ಟಿಗೆ ಮತ್ತು ಮರ ಸೇರಿ ಒಂದು ಕ್ವಿಂಟಾಲ್ ಆಗುವ ಈ ಭಾರವನ್ನು ಮಣ್ಣಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದು ಅಪಾಯ. ಭಾರವು ನೆಲದ ಮೇಲೆಯೇ ನಿಲ್ಲಬೇಕು. ಚೌಕಟ್ಟಿನ ತಲೆಯನ್ನು ಮಾತ್ರ ಕಿಟಕಿಯ ಸರಳಿಗೆ ಅಥವಾ ಗಟ್ಟಿ ಗೋಡೆಯ ಕೊಂಡಿಗೆ ಕಟ್ಟಬೇಕು. ಹೀಗೆ ಕಟ್ಟದಿದ್ದರೆ ಮಕ್ಕಳು ಏಣಿಯೆಂದು ಹತ್ತಿ ಬೀಳಿಸಿಕೊಳ್ಳುವ ಸಂಭವವಿದೆ. ಹಳೆಯ ತಾರಸಿಯ ಮೇಲೆ ಇಡುವವರು ನಡುಮಧ್ಯವನ್ನು ಬಿಟ್ಟು, ಕೆಳಗೆ ಗೋಡೆ ಬರುವ ಅಂಚಿನಲ್ಲಿ ಇಡತಕ್ಕದ್ದು. ಚೌಕಟ್ಟು ಮತ್ತು ಗೋಡೆಯ ನಡುವೆ 2 ಅಂಗುಲ ಬಿಟ್ಟರೆ ಗೋಡೆ ಜಿನುಗುವುದಿಲ್ಲ, ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ. ಕಾಲುಗಳ ಕೆಳಗೆ ಕಲ್ಲಿನ ತುಂಡು ಇರಿಸಬೇಕು. ಗೆದ್ದಲಿಗೆಂದು ವಾಹನಗಳ ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿಯನ್ನು ಇಲ್ಲಿ ಅನುಸರಿಸಕೂಡದು. ಅದರ ಬದಲು ಹೊಂಗೆ ಅಥವಾ ಬೇವಿನ ಎಣ್ಣೆಯನ್ನು ಹೊರಮೈಗೆ ಹಚ್ಚಬಹುದು.

ಬಾಡಿಗೆ ಮನೆಯವರು ಕೊಂಡಿ ಹಾಕುವ ಮುನ್ನ ಮಾಲೀಕರ ಒಪ್ಪಿಗೆ ಪಡೆಯುವುದು ಒಳ್ಳೆಯದು. ಪಾದಚಾರಿ ಮಾರ್ಗ ಅಥವಾ ಚರಂಡಿಯ ಮೇಲೆ ಚೌಕಟ್ಟು ನಿಲ್ಲಿಸಿದಲ್ಲಿ ಸ್ಥಳೀಯ ಸಂಸ್ಥೆಯವರು ತೆರವುಗೊಳಿಸಬಹುದಾಗಿರುತ್ತದೆ.

ಯಾವ ಗೋಡೆ?

ಈ ಎರಡೂ ತಾಲ್ಲೂಕುಗಳು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ 20ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿದ್ದು, ವರ್ಷದ ಉಳಿದ ಕಾಲ ದಕ್ಷಿಣಕ್ಕೆ ಇರುತ್ತಾನೆ. ದಕ್ಷಿಣ ಗೋಡೆಯ ಮೇಲಿನ ತೋಟ ಮುಂಗಾರಿನಲ್ಲಿ ಸೊರಗಿ ಚಳಿಗಾಲದಲ್ಲಿ ಚೇತರಿಸಿಕೊಳ್ಳುವುದಕ್ಕೆ ಇದೇ ಕಾರಣ. ಬೆಳಗಿನ ನಾಲ್ಕು ಗಂಟೆಗಳ ಬಿಸಿಲು ಬೀಳುವ ಪೂರ್ವದ ಗೋಡೆ ಸೊಪ್ಪಿಗೆ ಎಲ್ಲಕ್ಕಿಂತ ಉತ್ತಮ. ಪಶ್ಚಿಮದ ಗೋಡೆ ಮಾರ್ಚ್, ಏಪ್ರಿಲ್‌ಗಳಲ್ಲಿ ಕಾದು ಬೇರು ಬೇಯಿಸುವುದರಿಂದ ಅಲ್ಲಿ ನೆರಳಿಗೆ ಗೋಣಿತಾಟು ಕಟ್ಟಬೇಕಾಗುತ್ತದೆ.

ಮಣ್ಣು ಮತ್ತು ಬೆಳೆ

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ ಬೆರೆಸಿ ತುಂಬಬೇಕು. ಎರಡೂ ತಾಲ್ಲೂಕುಗಳಲ್ಲಿ ಅಲ್ಲಲ್ಲಿ ಸಿಗುವ ಕಪ್ಪು ಮಣ್ಣನ್ನು ಒಂಟಿಯಾಗಿ ಬಳಸಿದರೆ ಒದ್ದೆಯಾದಾಗ ಅಂಟಿ, ಒಣಗಿದಾಗ ಬಿರಿಯುತ್ತದೆ. ಬಾಳೆ ತೋಟದ ಮಣ್ಣನ್ನು ತರಬಾರದು. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯನ್ನು ಅಳಿವಿನಂಚಿಗೆ ತಂದ ಪನಾಮಾ ಸೊರಗು ರೋಗದ ಶಿಲೀಂಧ್ರವು ಮಣ್ಣಿನಲ್ಲಿ ಹಲವು ವರ್ಷ ಬದುಕಿರುತ್ತದೆ. ಸೊಪ್ಪಿಗೆ ಅದರಿಂದ ತೊಂದರೆಯಿಲ್ಲ. ಆದರೆ ಪೆಟ್ಟಿಗೆಯ ಹಳೆಯ ಮಣ್ಣನ್ನು ಮುಂದೊಂದು ದಿನ ಹಿತ್ತಲಿಗೆ ಚೆಲ್ಲಿದಾಗ ನೆರೆಯವರ ಬಾಳೆಗೆ ತಗುಲುತ್ತದೆ.

ಮೊದಲ ಬಾರಿಗೆ ಬೆಳೆಯುವವರು ದಂಟು ಅಥವಾ ಹರಿವೆಯಿಂದ ಪ್ರಾರಂಭಿಸುವುದು ಸೂಕ್ತ. ಹೆಸರಘಟ್ಟದ ಸಂಸ್ಥೆಯ ‘ಅರ್ಕಾ ಸುಗುಣ’ ತಳಿಯನ್ನು ಬಿತ್ತಿದ 25 ದಿನಗಳ ನಂತರ ಮೊದಲ ಬಾರಿ ಕೊಯ್ದು, ಮತ್ತೆ ಚಿಗುರಿದಂತೆಲ್ಲ ಕೊಯ್ಯುತ್ತಾ ಹೋಗಬಹುದಾಗಿದೆ. ಮೆಂತ್ಯ, ಕೊತ್ತಂಬರಿಗೆ ಅಡುಗೆಮನೆಯ ಬೀಜವೇ ಸಾಕು; ಕೊತ್ತಂಬರಿಯನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ನೆರಳಿನ ಅಂತಸ್ತಿಗೆ ಪುದೀನ, ಒಂದೆಲಗ, ದೊಡ್ಡಪತ್ರೆ ಒಗ್ಗುತ್ತವೆ. ಚೌಕಟ್ಟಿನ ಪಕ್ಕದ ಕಾಲಿಗೆ ಬಸಳೆಯನ್ನಾಗಲಿ, ಮೈಸೂರಿನ ವೀಳ್ಯದೆಲೆ ಬಳ್ಳಿಯನ್ನಾಗಲಿ ಹಬ್ಬಿಸಬಹುದು. ನಾಲ್ಕು ಪೆಟ್ಟಿಗೆಗಳು ಸಂತೆಯ ಸೊಪ್ಪನ್ನು ಪೂರ್ತಿ ನಿಲ್ಲಿಸುವುದಿಲ್ಲ. ವಾರಕ್ಕೊಂದೆರಡು ಬಾರಿ ಸಾರಿಗೆ, ದಿನವೂ ಒಗ್ಗರಣೆಯ ಮೇಲೆ ಉದುರಿಸುವುದಕ್ಕೆ ಆಗುತ್ತದೆ ಎಂದು ತಿಳಿದರೆ ನಿರಾಶೆಯಾಗದು.

ನೀರನ್ನು ಬೆಳಿಗ್ಗೆ ಮೇಲಿನ ಪೆಟ್ಟಿಗೆಯಿಂದ ಹನಿಸಿದರೆ ಸೋರಿದ ನೀರು ಕೆಳಗಿನದಕ್ಕೆ ಸಲ್ಲುತ್ತದೆ. ಅಕ್ಕಿ ತೊಳೆದ ನೀರು ಯೋಗ್ಯ, ಸಾಬೂನಿನ ನೀರು ಅಯೋಗ್ಯ. ಕೆಳಗೆ ತಟ್ಟೆ ಇಟ್ಟವರು ವಾರಕ್ಕೆ ಎರಡು ಬಾರಿಯಾದರೂ ಚೆಲ್ಲಿ ಒಣಗಿಸಬೇಕು. ಡೆಂಗ್ಯೂ ಹರಡುವ ಸೊಳ್ಳೆಯು ಇಂತಹ ತಿಳಿನೀರಿನಲ್ಲಿಯೇ ಮರಿ ಮಾಡುತ್ತದೆ.

ಹಾಳಾದ ಮರದ ವಿಲೇವಾರಿ

ಆಯ್ಕೆಯಲ್ಲಿ ಕೈಬಿಟ್ಟ ಬಣ್ಣದ ಮರ, ಹಸಿರು ಛಾಯೆಯ ಮರ ಮತ್ತು ಸ್ಲೀಪರ್ ತುಂಡುಗಳನ್ನು ಬಚ್ಚಲ ಹಂಡೆಯ ಒಲೆಗೆ ಹಾಕುವುದು ಸಾಮಾನ್ಯವಾಗಿ ಕಂಡುಬರುತ್ತಿದೆ. ಇದನ್ನು ಕಟ್ಟುನಿಟ್ಟಾಗಿ ತ್ಯಜಿಸಬೇಕು. ಸೀಸವೂ ಆರ್ಸೆನಿಕ್ಕೂ ಸುಟ್ಟು ನಾಶವಾಗುವಂಥವಲ್ಲ. ಒಂದಷ್ಟು ಹೊಗೆಯೊಂದಿಗೆ ಮನೆಯವರ ಉಸಿರಿಗೆ ಸೇರಿ, ಉಳಿದದ್ದು ಬೂದಿಯಲ್ಲಿ ನಿಲ್ಲುತ್ತದೆ. ಆ ಬೂದಿಯೇ ಪಾತ್ರೆ ತಿಕ್ಕಲೂ ಗಿಡದ ಬುಡಕ್ಕೂ ಹೋಗುತ್ತದೆ. ಇಂತಹ ಮರವನ್ನು ಪ್ರತ್ಯೇಕವಾಗಿ ಕಟ್ಟಿ ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ಕಸ ಸಂಗ್ರಹಣೆಯವರಿಗೆ ವಿಷಯ ತಿಳಿಸಿ ಒಪ್ಪಿಸತಕ್ಕದ್ದು.

ಬೀಜ, ಸಸಿ ಹಾಗೂ ತಾಂತ್ರಿಕ ಸಲಹೆಗಾಗಿ ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಅಥವಾ ನಂಜನಗೂಡು ತಾಲ್ಲೂಕು ಸುತ್ತೂರಿನಲ್ಲಿರುವ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಮರದ ಬಗ್ಗೆ ಅನುಮಾನವಿರುವವರು ಅದರ ಸಣ್ಣ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಯಲ್ಲಿ ತರುವುದು.