ನಮ್ಮ ಜಿಲ್ಲೆಯಲ್ಲಿದ್ದ ಐದು ದ್ವೀಪಗಳು

1956ರ ಅಕ್ಟೋಬರ್ ಕೊನೆಯ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಅರಬ್ಬೀ ಸಮುದ್ರದ ನಡುವೆಯೂ ಐದು ತುಂಡು ನೆಲವಿತ್ತು. ಈ ಮಾತನ್ನು ಹೇಳಿದರೆ ಇಂದಿನ ಮಕ್ಕಳು ನಂಬುವುದಿಲ್ಲ. “ಕಡಲಿನ ಆಚೆ ದುಬೈ ಅಲ್ವಾ ಟೀಚರ್?” ಎಂದು ಕೇಳುತ್ತಾರೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಈ ದ್ವೀಪಗಳಿಗೆ ಒಟ್ಟಾಗಿ ಅಮಿನ್‌ದೀವಿ ಎಂದು ಹೆಸರು. ಮಂಗಳೂರಿನಲ್ಲಿ ಕುಳಿತ ಕಲೆಕ್ಟರರೇ ಅವುಗಳಿಗೂ ಕಲೆಕ್ಟರರು. ಅವರ ಪರವಾಗಿ ದ್ವೀಪದಲ್ಲಿ ಮೊನೆಗಾರ ಎಂಬ ಅಧಿಕಾರಿ ಇರುತ್ತಿದ್ದ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯವನ್ನು ಸೇರಿದೆವು; ಕಾಸರಗೋಡು ಕೇರಳಕ್ಕೆ ಹೋಯಿತು; ಈ ಐದು ದ್ವೀಪಗಳು ಮಲಬಾರಿಗೆ ಸೇರಿದ್ದ ಉಳಿದ ದ್ವೀಪಗಳ ಜೊತೆಗೂಡಿ ಕೇಂದ್ರಾಡಳಿತ ಪ್ರದೇಶವಾದವು. ಕಾಸರಗೋಡನ್ನು ನೆನೆದು ನಿಟ್ಟುಸಿರು ಬಿಡುವವರು ನಮ್ಮಲ್ಲಿ ಈಗಲೂ ಇದ್ದಾರೆ. ದ್ವೀಪಗಳನ್ನು ನೆನೆದವರನ್ನು ಮಾತ್ರ ನಾನು ಕಂಡಿಲ್ಲ. ಅಲ್ಲಿಯ ಜನರ ಮಾತು ಜೆಸರಿ, ಮಲಯಾಳದ್ದೇ ಒಂದು ಬಗೆ. ಆದ್ದರಿಂದ ಅವು ನಮಗೇ ಉಳಿಯಬೇಕಿತ್ತೆಂದು ನಾನೂ ಹೇಳುವುದಿಲ್ಲ. ಆದರೆ ನೂರೈವತ್ತು ವರ್ಷಕ್ಕೂ ಮಿಕ್ಕಿ ಒಂದೇ ಕಚೇರಿಯ ಆಡಳಿತದಲ್ಲಿದ್ದ ನೆರೆಯವರನ್ನು ಇಷ್ಟು ಪೂರ್ತಿಯಾಗಿ ಮರೆಯಬಹುದೇ?

ಇವರು ಬ್ಯಾಂಕಿನಿಂದ ನಿವೃತ್ತರಾದ ವರ್ಷ ಎಲ್ಲಿಗಾದರೂ ಹೋಗಿ ಬರೋಣವೆಂದರು. ಮಕ್ಕಳು ಸಿಂಗಾಪುರ ಎಂದರು, ನಾನು ಲಕ್ಷದ್ವೀಪ ಎಂದೆ. “ಇಷ್ಟು ವರ್ಷ ಕೋಲು ಹಿಡಿದು ಭೂಪಟದಲ್ಲಿ ತೋರಿಸಿದ್ದು ಸಾಲದಾ ಮಾರಾಯ್ತಿ?” ಎಂದು ನಕ್ಕರೂ ಒಪ್ಪಿದರು. ಒಂದೇ ಷರತ್ತು, ಹೋಟೆಲು ಬೇಡ, ಡೇರೆಯಲ್ಲಿ ಇರಬೇಕು. ಹುಡುಗನಾಗಿದ್ದಾಗ ಸ್ಕೌಟಿನಲ್ಲಿ ಡೇರೆ ಹೊಡೆದ ಸುಖವನ್ನು ಇವರು ಇನ್ನೂ ಮರೆತಿಲ್ಲ. ಲಕ್ಷದ್ವೀಪಕ್ಕೆ ಹೊರಗಿನವರು ಹೋಗಬೇಕಾದರೆ 1967ರ ನಿಯಮದ ಪ್ರಕಾರ ಪರವಾನಗಿ ಬೇಕು. ಅರ್ಜಿ, ಫೋಟೋ, ಪೊಲೀಸರ ದೃಢೀಕರಣ ಎಲ್ಲ ಮುಗಿಸಿ, ಕೊಚ್ಚಿಯಿಂದ ಚಿಕ್ಕ ವಿಮಾನದಲ್ಲಿ ಅಗತ್ತಿಗೆ ಹಾರಿ, ಅಲ್ಲಿಂದ ದೋಣಿಯಲ್ಲಿ ತಿನ್ನಕರ ಎಂಬ ದ್ವೀಪಕ್ಕೆ ಹೋದೆವು. ತಿನ್ನಕರ ಆ ಐದರಲ್ಲಿ ಒಂದಲ್ಲ, ಅದು ಅಗತ್ತಿಯವರ ತೆಂಗಿನ ತೋಟ. ಜನವಸತಿ ಇಲ್ಲ. ಪ್ರವಾಸಿಗಳಿಗಾಗಿ ಮರಳಿನ ಮೇಲೆ ಡೇರೆಗಳಿವೆ. ಪಕ್ಕದಲ್ಲೇ ಬಂಗಾರಂ. ಹೆಸರು ಕೇಳಿ ಇವರು ನನ್ನ ಬಳೆಗಳನ್ನು ನೋಡಿ ಮುಗುಳ್ನಕ್ಕರು.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಡೇರೆಯ ಹೊರಗೆ ಒಣಗಿದ ಮಡಲಿನ ಮೇಲೆ ಏನೋ ಸರಸರ ಸದ್ದು. ಟಾರ್ಚು ಹಿಡಿದು ನೋಡಿದರೆ ಬೆನ್ನ ಮೇಲೆ ಶಂಖ ಹೊತ್ತ ಏಡಿಗಳು, ಮನೆಯನ್ನೇ ಹೊತ್ತು ನಡೆಯುವ ಪ್ರಾಣಿಗಳು. ಎರಡೂ ಕಡೆಯಿಂದ ಸಮುದ್ರದ ಸದ್ದು ಕೇಳುವಷ್ಟು ಕಿರಿದಾದ ನೆಲ. ಈ ದ್ವೀಪಗಳು ಸಮುದ್ರಮಟ್ಟದಿಂದ ಒಂದೆರಡು ಮೀಟರಿಗಿಂತ ಹೆಚ್ಚು ಎತ್ತರವಿಲ್ಲ ಎಂದು ಪಾಠದಲ್ಲಿ ಹೇಳುವುದು ಬೇರೆ, ಆ ಒಂದೆರಡು ಮೀಟರಿನ ಮೇಲೆ ಚಾಪೆ ಹಾಸಿ ಮಲಗುವುದು ಬೇರೆ. ಕುಡಿಯುವ ನೀರಿನ ವಿಷಯವೂ ಹಾಗೆಯೇ. ಹೊಳೆ ಇಲ್ಲ, ತೋಡು ಇಲ್ಲ. ಮಳೆಯ ಸಿಹಿನೀರು ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾಗಿ ತೇಲಿ ನಿಲ್ಲುತ್ತದೆ. ಬಾವಿಯಲ್ಲಿ ಸಿಗುವುದು ಆ ಪದರ. ಹೆಚ್ಚು ಸೇದಿದರೆ ಉಪ್ಪು ಮೇಲೇರುತ್ತದೆ.

ಇಂಥ ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲ. ತೆಂಗು ಬೆಳೆಯುತ್ತದೆ. ಈ ದ್ವೀಪಗಳ ಇತಿಹಾಸವೆಲ್ಲ ಈ ಎರಡು ಮಾತಿನಲ್ಲಿದೆ. ಅಕ್ಕಿಗಾಗಿ ಅವರು ಕರಾವಳಿಗೆ ಬರಲೇಬೇಕು, ಬರುವಾಗ ತರಲು ಅವರಲ್ಲಿದ್ದುದು ತೆಂಗಿನ ನಾರು, ನಮ್ಮ ಕಡೆ ಕತ್ತ ಎನ್ನುತ್ತೇವಲ್ಲ, ಅದು. ಹನ್ನೊಂದನೆಯ ಶತಮಾನದಲ್ಲೇ ಅಲ್‌ಬಿರೂನಿ ಈ ಸಮುದ್ರದ ದ್ವೀಪಗಳನ್ನು ಎರಡಾಗಿ ವಿಂಗಡಿಸಿ, ಒಂದನ್ನು ಕವಡೆಯ ದ್ವೀಪಗಳೆಂದೂ ಇನ್ನೊಂದನ್ನು ನಾರಿನ ಹಗ್ಗದ ದ್ವೀಪಗಳೆಂದೂ ಕರೆದಿದ್ದಾನೆ. ಆ ಕಾಲದ ಅರಬ್ಬೀ ಸಮುದ್ರದ ಹಡಗುಗಳಿಗೆ ಕಬ್ಬಿಣದ ಮೊಳೆ ಇರಲಿಲ್ಲ. ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು. ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಕತ್ತ ಗಟ್ಟಿಯಾಗುತ್ತದೆ. ನಾರಿಲ್ಲದೆ ಹಡಗಿಲ್ಲ, ಹಡಗಿಲ್ಲದೆ ಕಾಳುಮೆಣಸಿನ ವ್ಯಾಪಾರವಿಲ್ಲ.

ನಮ್ಮನ್ನು ನೀರಿಗಿಳಿಸಲು ಬಂದ ಹುಡುಗ ಕಿಲ್ತಾನಿನವನು. ಇವರು ಕೆಲಕಾಲ ಕಾಸರಗೋಡಿನ ಶಾಖೆಯಲ್ಲಿದ್ದುದರಿಂದ ಮಲಯಾಳ ಬರುತ್ತದೆ, ನನಗೂ ಅರ್ಧಂಬರ್ಧ ತಿಳಿಯುತ್ತದೆ. ನಾವು ಮಂಗಳೂರಿನ ಕಡೆಯವರೆಂದು ತಿಳಿದದ್ದೇ ಅವನ ಮುಖ ಅರಳಿತು. “ಟೀಚರೇ, ನಮ್ಮ ಅಜ್ಜಿ ಕೊನೆಯ ತನಕ ಅಕ್ಕಿ ಅಂದರೆ ಮಂಗಳೂರು ಅನ್ನುತ್ತಿದ್ದರು” ಎಂದ. ನಾರಿನ ಕೆಲಸವೆಲ್ಲ ಹೆಂಗಸರದ್ದೇ ಆಗಿತ್ತೆಂದು ಅವನು ಹೇಳಿದ್ದು ನಾನು ಓದಿ ತಿಳಿದದ್ದಕ್ಕೆ ಸರಿಯಾಗಿ ಹೊಂದಿತು. ಕಾಯಿಯ ಸಿಪ್ಪೆಯನ್ನು ದಡದ ಉಪ್ಪುಮರಳಿನಲ್ಲಿ ತಿಂಗಳುಗಟ್ಟಲೆ ಹೂತು ಕೊಳೆಸಬೇಕು, ತೆಗೆದು ಕೊಡತಿಯಿಂದ ಬಡಿಯಬೇಕು, ತೊಳೆದು ಒಣಗಿಸಿ ಅಂಗೈಯಲ್ಲಿ ಹುರಿ ಹೊಸೆಯಬೇಕು. ಗಂಡಸರು ಅದನ್ನು ಓಡಂ ಎಂಬ ಹಾಯಿಹಡಗಿನಲ್ಲಿ ಹೇರಿಕೊಂಡು ಕರಾವಳಿಗೆ ಹೊರಡುತ್ತಿದ್ದರು. ಮಳೆಗಾಲ ಹಿಡಿಯುವ ಮೊದಲು ಅಕ್ಕಿಯೊಂದಿಗೆ ಹಿಂತಿರುಗಬೇಕು. ಹಿಂತಿರುಗದಿದ್ದರೆ ಆ ಮಳೆಗಾಲ ಮನೆಯಲ್ಲಿ ಗಂಜಿಗೂ ಕಷ್ಟ.

ಯಾರ ಹೊಟ್ಟೆ ಯಾರ ಕೈಯಲ್ಲಿದೆ ಎಂದು ಅರಸರಿಗೆ ಬೇಗ ತಿಳಿಯುತ್ತದೆ. ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ವಶದಲ್ಲಿದ್ದಾಗ, ಹದಿನೆಂಟನೆಯ ಶತಮಾನದಲ್ಲಿ, ನಾರನ್ನು ಅರಮನೆಗಲ್ಲದೆ ಬೇರೆ ಯಾರಿಗೂ ಮಾರಬಾರದೆಂಬ ಕಟ್ಟಳೆ ಬಂತು. ಬೆಲೆಯನ್ನು ಅರಮನೆಯೇ ನಿಗದಿ ಮಾಡುತ್ತಿತ್ತು, ಪೇಟೆಯ ಬೆಲೆಗಿಂತ ಕಡಿಮೆ. ಅಮಿನ್‌ದೀವಿಯ ಜನ ಇದನ್ನು ಸಹಿಸಲಿಲ್ಲ. ಓಡಂ ಹತ್ತಿ ಮಂಗಳೂರಿಗೆ ಬಂದು, ಆಗ ಈ ಕರಾವಳಿಯನ್ನು ಆಳುತ್ತಿದ್ದ ಟಿಪ್ಪು ಸುಲ್ತಾನನಲ್ಲಿ ಮೊರೆಯಿಟ್ಟರು. 1787ರ ಹೊತ್ತಿಗೆ ಐದೂ ದ್ವೀಪಗಳು ಅವನ ಅಧೀನಕ್ಕೆ ಬಂದವು. ಹೀಗೆ ಅವು ಮಂಗಳೂರಿಗೆ ಸೇರಿದ್ದು ಯಾರೋ ಗೆದ್ದುಕೊಂಡದ್ದರಿಂದಲ್ಲ, ಅಲ್ಲಿಯವರೇ ಬಂದು ಕೇಳಿಕೊಂಡದ್ದರಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮಂಗಳೂರಿನ ಜೊತೆಗೆ ಅವೂ ಕಂಪನಿಯ ಕೈಸೇರಿದವು. ಕಂಪನಿ ನಾರಿನ ಗುತ್ತಿಗೆಯನ್ನು ಬಿಟ್ಟುಕೊಟ್ಟಿತೇ? ಇಲ್ಲ. ನಾರನ್ನು ಸರಕಾರವೇ ಕೊಳ್ಳುತ್ತಿತ್ತು, ನಿಗದಿಯಾದ ದರದಲ್ಲಿ ಅಕ್ಕಿ ಕೊಡುತ್ತಿತ್ತು. ಆಳುವವರು ಬದಲಾದರು, ತಕ್ಕಡಿ ಮಾತ್ರ ದ್ವೀಪದವರ ಕೈಗೆ ಬರಲಿಲ್ಲ.

ಅರಕ್ಕಲ್ ಮನೆತನದ ಬಳಿ ಉಳಿದ ದ್ವೀಪಗಳ ಕಥೆ ಇನ್ನೊಂದು ಬಗೆ. 1847ರಲ್ಲಿ ದೊಡ್ಡ ಬಿರುಗಾಳಿಯೊಂದು ಆಂದ್ರೋತ್, ಕಲ್ಪೇನಿಗಳನ್ನು ಹಾಳುಗೆಡವಿತು. ತೆಂಗು ಉರುಳಿದರೆ ಅಲ್ಲಿ ಉಳಿಯುವುದೇನು? ಪರಿಹಾರಕ್ಕಾಗಿ ಕಂಪನಿಯಿಂದ ಸಾಲ ಎತ್ತಲಾಯಿತು. ಸಾಲ ತೀರಲಿಲ್ಲ, ಬಡ್ಡಿ ಬೆಳೆಯಿತು, 1854ರಲ್ಲಿ ಕಂಪನಿ ದ್ವೀಪಗಳನ್ನೇ ವಶಕ್ಕೆ ತೆಗೆದುಕೊಂಡಿತು. ನಡುವೆ ಒಮ್ಮೆ ಹಿಂದಕ್ಕೆ ಕೊಟ್ಟರೂ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವು ಶಾಶ್ವತವಾಗಿ ಬ್ರಿಟಿಷರದ್ದಾದವು. ಇದನ್ನು ಕೇಳಿ ಬ್ಯಾಂಕಿನವರಾದ ನಮ್ಮವರು, “ಗಾಳಿ ಬೀಸಿದ್ದಕ್ಕೂ ಜಪ್ತಿ ಮಾಡಿದ್ದಾರಲ್ಲ!” ಎಂದು ಬಹಳ ಹೊತ್ತು ಮೌನವಾಗಿದ್ದರು.

ಇನ್ನು ನೀರಿನೊಳಗಿನ ಮಾತು. ಚೂಡಿದಾರದ ಮೇಲೆ ಲೈಫ್ ಜಾಕೆಟ್ ಕಟ್ಟಿ, ಕಣ್ಣುಮೂಗು ಮುಚ್ಚುವ ಕನ್ನಡಿ ಹಾಕಿ, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿಕೊಂಡು ನಾವಿಬ್ಬರೂ ನೀರಿಗಿಳಿದೆವು. ಇದಕ್ಕೆ ಸ್ನಾರ್ಕೆಲಿಂಗ್ ಎನ್ನುತ್ತಾರೆ. ಈಜು ಬಾರದಿದ್ದರೂ ನಡೆಯುತ್ತದೆ. ಮುಖ ನೀರಲ್ಲಿಟ್ಟು ಸುಮ್ಮನೆ ತೇಲಿದರೆ ಆಯಿತು. ಮೆಟ್ಟಲು ಹತ್ತಲು ತಕರಾರು ಮಾಡುವ ನನ್ನ ಮೊಣಕಾಲು ಅಲ್ಲಿ ಬಾಯಿ ಬಿಡಲಿಲ್ಲ. ಹವಳದ ದಿಬ್ಬದ ಒಳಗೆ ಸಿಕ್ಕಿಕೊಂಡ ಆ ಶಾಂತವಾದ ನೀರು, ಲಗೂನು, ಗಾಜಿನ ಹಾಗೆ ತಿಳಿ. ಕೆಳಗೆ ಕೋಸಿನ ಗಡ್ಡೆಯಂಥ, ಜಿಂಕೆಯ ಕೊಂಬಿನಂಥ ಹವಳಗಳು. ಗಿಣಿಮೀನು ಹವಳದ ಕಲ್ಲನ್ನು ಕಟುಕಟು ಕಚ್ಚುವ ಸದ್ದು ಕಿವಿಗೇ ಕೇಳುತ್ತದೆ. ಅದು ಕಚ್ಚಿ ನುಂಗಿ ಹೊರಹಾಕಿದ ಪುಡಿಯೂ ಆ ಬಿಳಿಯ ಮರಳಿನ ಒಂದು ಪಾಲು. ಇವರು ನನ್ನ ಕೈ ಹಿಡಿದೆಳೆದು ಬೆರಳು ತೋರಿದರು. ಒಂದು ಕಡಲಾಮೆ ಅವಸರವಿಲ್ಲದೆ ನಮ್ಮಡಿಯಿಂದ ಹಾದುಹೋಯಿತು.

ಈ ನೆಲದ ಬುಡ ನಮ್ಮ ರಾಜ್ಯದ ಒಂದು ಭಾಗಕ್ಕೂ ನೆಂಟ ಎಂದರೆ ಆಶ್ಚರ್ಯವಾದೀತು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯಾಳದ ಒಂದು ಬಿಸಿಯ ಮೂಲ ದಖ್ಖನ್ನಿನ ಮೇಲೆ ಲಾವಾ ಸುರಿಸಿತು. ವಿಜಯಪುರದ ಕರಿಮಣ್ಣು ಆ ಕಲ್ಲು ಸವೆದು ಆದದ್ದು. ಭಾರತದ ನೆಲ ಉತ್ತರಕ್ಕೆ ಸರಿಯುತ್ತಾ ಹೋದಂತೆ ಅದೇ ಮೂಲ ಸಮುದ್ರದಡಿಯಲ್ಲಿ ಬೆಟ್ಟಗಳ ಸಾಲನ್ನು ಎಬ್ಬಿಸಿತು. ಬೆಟ್ಟ ಮೆಲ್ಲನೆ ಕುಸಿಯುವಾಗ ಅದರ ತಲೆಯ ಮೇಲೆ ಹವಳದ ಹುಳುಗಳು ಬೆಳಕಿಗಾಗಿ ಮೇಲೆ ಮೇಲೆ ಕಟ್ಟುತ್ತಾ ಬಂದವು. ಹವಳದ ದ್ವೀಪಗಳು ಹೀಗೆ ಹುಟ್ಟುತ್ತವೆಂದು ಡಾರ್ವಿನ್ 1842ರಲ್ಲೇ ಬರೆದಿದ್ದ.

ಆದರೆ ನಾವು ಕಂಡ ಹವಳಗಳಲ್ಲಿ ಬಣ್ಣವಿದ್ದವುಗಳ ಪಕ್ಕದಲ್ಲೇ ಬೂದುಬಣ್ಣದ, ಪಾಚಿ ಹಿಡಿದ, ಮುರಿದ ರಾಶಿಗಳೂ ಬೇಕಾದಷ್ಟಿದ್ದವು. ಹವಳದ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಅದಕ್ಕೆ ಅನ್ನ ಹಾಕುತ್ತದೆ, ಬಣ್ಣವನ್ನೂ ಕೊಡುತ್ತದೆ. ಸಮುದ್ರದ ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ಬಿಸಿಯಾಗಿದ್ದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚುತ್ತದೆ, ಬಳಿಕ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು, 2024ರಲ್ಲಿ ಮತ್ತೊಮ್ಮೆ. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 1998ರಿಂದ 2022ರ ತನಕ ಸಂಶೋಧಕರು ಅಳೆದು ನೋಡಿದಾಗ, ಜೀವಂತ ಹವಳದ ಹೊದಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ದಿಬ್ಬವೇ ಈ ದ್ವೀಪಗಳ ಕೋಟೆ. ತೆರೆಯ ಹೊಡೆತ ಮೊದಲು ಬೀಳುವುದು ಅದರ ಮೇಲೆ. ಕಟ್ಟುವ ಹುಳು ಸತ್ತರೆ ಕೋಟೆ ಸವೆಯುತ್ತದೆ, ಕೋಟೆ ಸವೆದರೆ ತೆರೆ ಒಳಗೆ ಬರುತ್ತದೆ.

ಅದು ಮುಂದೆಂದೋ ಆಗುವ ಮಾತಲ್ಲ. ಮರುದಿನ ಹುಡುಗ ದೋಣಿಯನ್ನು ಲಗೂನಿನ ಒಂದು ಕಡೆ ನಿಲ್ಲಿಸಿ, “ಇಲ್ಲಿ ಪರಾಲಿ ಇತ್ತು ಟೀಚರೇ” ಎಂದ. ನೋಡಿದರೆ ಬರೀ ನೀರು. ಬಂಗಾರಂ, ತಿನ್ನಕರಗಳ ಜೊತೆ ಇದೇ ಲಗೂನಿನಲ್ಲಿ ಪರಾಲಿ ಎಂಬ ಹೆಸರಿನ ಮೂರು ಪುಟ್ಟ ದ್ವೀಪಗಳಿದ್ದವು. 1968ರಲ್ಲಿ ಮೊದಲನೆಯ ಪರಾಲಿಯ ವಿಸ್ತೀರ್ಣ 0.032 ಚದರ ಕಿಲೋಮೀಟರು, ಅಂದರೆ ಸುಮಾರು ಎಂಟು ಎಕರೆ. ನಮ್ಮ ಕಡೆ ಒಂದು ಕುಟುಂಬ ಮರ್ಯಾದೆಯಿಂದ ಬದುಕುವಷ್ಟು ಅಡಿಕೆ ತೋಟ. ಅದು ಪೂರ್ತಿ ಕೊಚ್ಚಿಹೋಗಿದೆ ಎಂದು 2017ರಲ್ಲಿ ಅಧ್ಯಯನವೊಂದು ತಿಳಿಸಿತು. ಇವರು ದೋಣಿಯಿಂದ ಬಗ್ಗಿ ನೀರನ್ನು ಮುಟ್ಟಿ ನೋಡಿದರು. “ಎಂಟು ಎಕರೆ ಮಾರಾಯ್ತಿ, ಒಂದು ಗಡಿಕಲ್ಲೂ ಇಲ್ಲ” ಎಂದರು.

ಲಕ್ಷದ್ವೀಪದ ಹತ್ತು ದ್ವೀಪಗಳಲ್ಲಿ, ಒಟ್ಟು 32 ಚದರ ಕಿಲೋಮೀಟರಿನಷ್ಟು ನೆಲದ ಮೇಲೆ, 2011ರ ಜನಗಣತಿಯಂತೆ 64,473 ಜನರಿದ್ದಾರೆ. ಅವರಿಗೆ ಹಿಂದೆ ಸರಿಯಲು ಘಟ್ಟವಿಲ್ಲ, ಬಯಲುಸೀಮೆಯಿಲ್ಲ. ಹಿಂದೆ ನಾರಿನ ಬೆಲೆಯನ್ನು ಕಣ್ಣೂರಿನಲ್ಲಿ, ಮಂಗಳೂರಿನಲ್ಲಿ, ಮದರಾಸಿನಲ್ಲಿ ಕುಳಿತವರು ನಿರ್ಧರಿಸುತ್ತಿದ್ದರು. ಇಂದು ಅವರ ಸಮುದ್ರದ ಬಿಸಿಯನ್ನು ನಿರ್ಧರಿಸುವುದು ನಮ್ಮ ನಮ್ಮ ಊರುಗಳ ಹೊಗೆ. ಆಗ ಅನ್ಯಾಯವಾದರೆ ಓಡಂ ಹತ್ತಿ ಬಂದು ಮೊರೆಯಿಡಲು ಒಬ್ಬ ಅರಸನಾದರೂ ಇದ್ದ. ಈಗ ಯಾವ ಬಂದರಿಗೆ ಬಂದು ಯಾರ ಬಾಗಿಲು ತಟ್ಟಬೇಕು?

ಮಂಗಳೂರಿನ ಹಳೇ ಬಂದರಿನಿಂದ ಮಳೆಗಾಲ ಕಳೆದ ಮೇಲೆ ಮಂಜಿಗಳು ದಿನಸಿ, ತರಕಾರಿ, ಜಲ್ಲಿ, ಸಿಮೆಂಟು ಹೇರಿಕೊಂಡು ಲಕ್ಷದ್ವೀಪಕ್ಕೆ ಹೊರಡುತ್ತವೆ. ಜಿಲ್ಲೆಯ ಗಡಿ ಅಳಿಸಿದರೂ ಆ ದಾರಿ ಅಳಿಸಿಲ್ಲ. ಬಂದರಿನ ಕಡೆ ಹೋದವರು ಅರೆಗಳಿಗೆ ನಿಂತು ಆ ಮಂಜಿಗಳನ್ನು ನೋಡಬೇಕು. ಅವು ಹೋಗುವುದು ಪರದೇಶಕ್ಕಲ್ಲ, ಒಂದು ಕಾಲದಲ್ಲಿ ನಮ್ಮನ್ನು ನಂಬಿ ಬಂದವರ ಮನೆಗೆ.