ಬೈಲು, ಮಜಲು, ಬೆಟ್ಟು: ನೆಲವನ್ನು ಓದುವ ವಿದ್ಯೆ

ಸೀತಾ ಮತ್ತು ಸ್ವರ್ಣಾ ನದಿಗಳು ಕೂಡಿ ಕಡಲು ಸೇರುವ ಅಳಿವೆಯ ದಡದಲ್ಲಿ ಹಂಗಾರಕಟ್ಟೆ ಎಂಬ ಹಳೆಯ ಕಿರುಬಂದರು ಇದೆ. ಎದುರಿಗೆ ಕೋಡಿ ಬೆಂಗ್ರೆ, ಇತ್ತ ಬಾಳೆಕುದ್ರು. ಈ ಹೆಸರುಗಳನ್ನು ತುಸು ಬಿಡಿಸಿ ನೋಡಬೇಕು. ಬೆಂಗ್ರೆ ಎಂದರೆ ನದಿಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿ. ಕೋಡಿ ಎಂದರೆ ತುದಿ. ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ. ಕಾಲ ಕೆಳಗಿನ ನೆಲ ಎಂಥದ್ದು ಎಂಬುದನ್ನು ಹಿರಿಯರು ಊರಿನ ಹೆಸರಿನಲ್ಲಿಯೇ ಬರೆದಿಟ್ಟಿದ್ದಾರೆ.

ಗದ್ದೆಗಳ ವಿಷಯದಲ್ಲಿಯೂ ಹೀಗೆಯೇ. ತಗ್ಗಿನಲ್ಲಿದ್ದು ಸದಾ ತೇವವಿರುವುದು ಬೈಲು, ನಡುವಿನದು ಮಜಲು, ಮಳೆಯ ನೀರನ್ನೇ ನಂಬಿದ ಎತ್ತರದ ನೆಲ ಬೆಟ್ಟು. ಇದು ಬೇಸಾಯಕ್ಕಾಗಿ ಮಾಡಿಕೊಂಡ ವಿಂಗಡಣೆ. ಆದರೆ ನೀರು ಎಲ್ಲಿ ನಿಲ್ಲುತ್ತದೆ, ಮಣ್ಣು ಎಲ್ಲಿ ಗಟ್ಟಿ ಎಂಬ ತಿಳಿವಳಿಕೆಯೂ ಅದರೊಳಗೆ ಅಡಗಿದೆ. ಬೈಲನ್ನು ಬೆಳೆಗೆ ಬಿಟ್ಟು ಅದರ ಅಂಚಿನ ಎತ್ತರದಲ್ಲಿ ಮನೆ ಕಟ್ಟುವ ರೂಢಿಗೆ ಇದೂ ಒಂದು ಕಾರಣ.

ಇಂದು ಆ ಹಳೆಯ ಹಂಚಿನ ಮನೆಗಳು ಬೆಳೆಯುತ್ತಿವೆ. ಹಿಂಬದಿಗೊಂದು ಕೋಣೆ, ಪಕ್ಕಕ್ಕೊಂದು ತಾರಸಿ ಕಟ್ಟಡ, ಅದರ ಮೇಲೊಂದು ಮಹಡಿ. ಜಾಗ ಸಾಲದಿದ್ದರೆ ಬೈಲಿಗೆ ಮಣ್ಣು ತುಂಬಿಸಲಾಗುತ್ತದೆ, ಇಲ್ಲವೇ ಹಿಂದಿನ ಗುಡ್ಡವನ್ನು ಕಡಿಯಲಾಗುತ್ತದೆ. ಹಳೆಯ ಮನೆ ನೂರು ವರ್ಷ ನಿಂತಿದೆ, ಹೊಸ ಕೋಣೆ ನಿಲ್ಲದೇ ಎಂಬುದು ಸಾಮಾನ್ಯವಾದ ನಂಬಿಕೆ. ಈ ನಂಬಿಕೆಯನ್ನೇ ಪರೀಕ್ಷಿಸಬೇಕಾಗಿದೆ.

ಮಣ್ಣಿನ ಪರೀಕ್ಷೆ ನಮಗೆ ಹೊಸದಲ್ಲ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಒಂದು ವಿಧಾನವಿದೆ. ಮನೆಯ ನಿವೇಶನದಲ್ಲಿ ಒಂದು ಮೊಳದ ಗುಂಡಿ ತೋಡಿ, ತೆಗೆದ ಮಣ್ಣನ್ನು ಮತ್ತೆ ಅದಕ್ಕೇ ತುಂಬಬೇಕು. ಮಣ್ಣು ಮಿಕ್ಕಿದರೆ ಉತ್ತಮ, ಸರಿಯಾದರೆ ಮಧ್ಯಮ, ಸಾಲದಿದ್ದರೆ ಆ ಜಾಗ ಬೇಡ. ಇದರ ಹಿಂದಿನ ತರ್ಕ ಸರಳ. ಬಿಗಿಯಾದ ಮಣ್ಣು ಅಗೆದಾಗ ಸಡಿಲಗೊಂಡು ಹೆಚ್ಚು ಜಾಗ ಬೇಡುತ್ತದೆ. ಮೊದಲೇ ಸಡಿಲವಾಗಿದ್ದ ಮಣ್ಣು ಗುಂಡಿಗೂ ಸಾಲುವುದಿಲ್ಲ. ಈ ಪರೀಕ್ಷೆಯ ಮಿತಿಯೆಂದರೆ, ಅದು ಹೇಳುವುದು ಒಂದು ಮೊಳದ ಆಳದ ಮಾತನ್ನು ಮಾತ್ರ. ನಮ್ಮ ಕರಾವಳಿಯಲ್ಲಿ ಮೋಸವಿರುವುದು ಅದಕ್ಕೂ ಕೆಳಗೆ.

ಇಲ್ಲಿನ ಗುಡ್ಡಗಳ ಮೇಲಿರುವುದು ಮುರಕಲ್ಲು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂ ಬಳಿ ಈ ಕಲ್ಲನ್ನು ಕಂಡು ಬೆರಗಾದ. ನೆಲದಲ್ಲಿರುವಾಗ ಹತಾರದಿಂದ ಸುಲಭವಾಗಿ ಕಡಿಯಬಹುದಾದ ಇದು ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಡುಸಾಗುತ್ತದೆ. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಪದದಿಂದ ಆತ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. 1807ರಲ್ಲಿ ಆತನ ಪ್ರವಾಸ ಗ್ರಂಥ ಅಚ್ಚಾದಂದಿನಿಂದ ಆ ಹೆಸರು ಲೋಕದ ಭೂವಿಜ್ಞಾನದಲ್ಲಿ ನೆಲೆಯೂರಿತು.

ಮುರಕಲ್ಲಿನ ಪದರ ಗಟ್ಟಿ, ನಿಜ. ಆದರೆ ಅನೇಕ ಕಡೆ ಅದರ ಅಡಿಯಲ್ಲಿ, ತಳದ ಬಂಡೆಗಿಂತ ಮೇಲೆ, ಬಿಳಿ ಅಥವಾ ನಸುಗೆಂಪು ಬಣ್ಣದ ನಯವಾದ ಮಣ್ಣಿನ ಪದರವಿದೆ. ಇದೇ ಶೇಡಿ ಮಣ್ಣು. ಒಣಗಿದ್ದಾಗ ಇದು ಸಾಕಷ್ಟು ಭಾರ ಹೊರುತ್ತದೆ; ನೀರು ಕುಡಿದಾಗ ಕಸುವು ಕಳೆದುಕೊಂಡು ಕೊಚ್ಚಿ ಹೋಗುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಬೇಸಿಗೆಯಲ್ಲಿ ಗಟ್ಟಿಯೆಂದು ತೋರಿದ ನೆಲ ಆಸಾಡಿಯ ಮಳೆಗೆ ಬೇರೆಯೇ ಆಗಿಬಿಡಬಹುದು.

ಶೇಡಿಯ ಪದರವನ್ನು ಕಣ್ಣಾರೆ ಕಾಣಲು ಹಳಬರಿಗಿದ್ದ ಸಾಧನವೆಂದರೆ ಬಾವಿ. ಬಾವಿ ತೋಡುವಾಗ ಎಷ್ಟು ಆಳಕ್ಕೆ ಕಲ್ಲು ಮುಗಿಯಿತು, ಎಲ್ಲಿ ಶೇಡಿ ಸಿಕ್ಕಿತು, ಎಲ್ಲಿ ನೀರು ಒಸರಿತು ಎಂಬುದೆಲ್ಲ ತಿಳಿಯುತ್ತಿತ್ತು. ಇಂದಿನ ಎಂಜಿನಿಯರು ಕೊಳವೆ ಇಳಿಸಿ ತಿಳಿಯುವುದೂ ಇದನ್ನೇ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ಪೆಟ್ಟು ಕಡಿಮೆಯಾದಷ್ಟೂ ಮಣ್ಣು ಮೆದು.

ಹಳೆಯ ಮನೆಗೆ ಹೊಸತನ್ನು ಸೇರಿಸುವಾಗ ತೊಡಕು ಇಮ್ಮಡಿಯಾಗುತ್ತದೆ. ಯಾವ ಕಟ್ಟಡವಾದರೂ ಭಾರಕ್ಕೆ ಸ್ವಲ್ಪ ಕುಸಿದೇ ಕುಸಿಯುತ್ತದೆ. ಹಳೆಯದು ಕುಸಿಯಬೇಕಾದಷ್ಟು ಎಂದೋ ಕುಸಿದು ನಿಂತಿದೆ. ಹೊಸದು ಇನ್ನು ಮುಂದೆ ಕುಸಿಯಬೇಕು. ಎರಡನ್ನೂ ಬಿಗಿದು ಕಟ್ಟಿದರೆ ಸೇರಿದ ಕಡೆಯಲ್ಲೇ ಬಿರುಕು ಕಾಣುತ್ತದೆ. ಹೊಸ ಪಂಚಾಂಗಕ್ಕಾಗಿ ಹಳೆಯ ಪಂಚಾಂಗದ ಬುಡಕ್ಕಿಂತ ಆಳವಾಗಿ ಒತ್ತಿನಲ್ಲೇ ಅಗೆದರೆ ಹಳೆಯ ಗೋಡೆಯ ಆಧಾರವೇ ಜಾರಬಹುದು. ಅದಕ್ಕಾಗಿಯೇ ಎರಡರ ನಡುವೆ ತೆಳುವಾದ ಸಂದು ಬಿಡುವುದು, ಅಗೆತವನ್ನು ತುಂಡು ತುಂಡಾಗಿ ಮಾಡುವುದು ಮುಂತಾದ ಕ್ರಮಗಳು ಬಂದಿವೆ.

ಇನ್ನು ಗುಡ್ಡದ ಮಾತು. ಗುಡ್ಡವನ್ನು ನೆಟ್ಟಗೆ ಕಡಿದರೆ ಶೇಡಿಯ ಪದರ ಬಯಲಾಗಿ ಮಳೆಗೆ ಸಿಗುತ್ತದೆ. ಅದು ಕರಗಿದರೆ ಮೇಲಿನ ಮುರಕಲ್ಲು ನಿಲ್ಲುವುದೆಲ್ಲಿ? ಕಡಿದ ಗುಡ್ಡ ಎಷ್ಟು ಘೋರವಾಗಬಲ್ಲದು ಎಂಬುದನ್ನು 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ನಾಡು ಕಂಡಿತು. ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಭಾರೀ ಮಳೆಗೆ ಜರಿದು, ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು.

ಭೂಕಂಪ ನಮಗೆ ದೂರದ ಸುದ್ದಿ ಎಂಬ ಭಾವನೆಯೂ ಇದೆ. ದಕ್ಷಿಣದ ಪ್ರಸ್ಥಭೂಮಿ ಅಲುಗದು ಎಂಬ ನಂಬಿಕೆಯನ್ನು 1967ರ ಕೊಯ್ನಾ ಹಾಗೂ 1993ರ ಕಿಲ್ಲಾರಿ ಭೂಕಂಪಗಳು ಸುಳ್ಳು ಮಾಡಿದವು. 2002ರ ಭಾರತೀಯ ಮಾನಕದ ಭೂಕಂಪ ನಕ್ಷೆ ನಮ್ಮ ಕರಾವಳಿಯನ್ನು ಮಧ್ಯಮ ಅಪಾಯದ ಮೂರನೆಯ ವಲಯದಲ್ಲಿ ಇರಿಸಿತು. ಬೆಂಗ್ರೆ, ಕುದ್ರುಗಳಂಥ ಜಾಗದಲ್ಲಿ ಇನ್ನೊಂದು ಎಚ್ಚರ ಬೇಕು. ನೀರು ತುಂಬಿದ ಸಡಿಲ ಮರಳು ಜೋರಾಗಿ ಅದುರಿದಾಗ ದ್ರವದಂತೆ ವರ್ತಿಸುತ್ತದೆ. 1964ರಲ್ಲಿ ಜಪಾನಿನ ನೀಗಾತದಲ್ಲಿ ಕಾಂಕ್ರೀಟಿನ ವಸತಿ ಕಟ್ಟಡಗಳು ಮುರಿಯದೆ ಹಾಗೆಯೇ ಒರಗಿದ್ದು ಹೀಗೆ. ಗೋಡೆ ಗಟ್ಟಿಯಿತ್ತು, ನೆಲ ಕೈಕೊಟ್ಟಿತು.

ಇದೆಲ್ಲ ಕೇಳಿ ಯಾರೂ ಮನೆ ಕಟ್ಟುವುದನ್ನು ಬಿಡಬೇಕಾಗಿಲ್ಲ. ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಈ ಜಾಗ ಮೊದಲು ಬೈಲೋ, ಬೆಟ್ಟೋ? ತುಂಬಿದ ಮಣ್ಣೇ, ಹುಟ್ಟು ಮಣ್ಣೇ? ಮಳೆಗಾಲದಲ್ಲಿ ಬಾವಿಯ ನೀರು ಎಲ್ಲಿಯವರೆಗೆ ಏರುತ್ತದೆ? ಶೇಡಿ ಎಷ್ಟು ಆಳದಲ್ಲಿದೆ? ಮೊದಲ ಮೂರಕ್ಕೆ ಊರಿನ ಹಿರಿಯರು ಉತ್ತರ ಹೇಳಬಲ್ಲರು. ಕೊನೆಯದಕ್ಕೆ ಎಂಜಿನಿಯರರ ಕೊಳವೆ ಬೇಕು. ಮಣ್ಣು ಪರೀಕ್ಷೆಗೆ ತಗಲುವ ಹಣ ಕಟ್ಟಡದ ಒಟ್ಟು ಖರ್ಚಿನ ಮುಂದೆ ಅಲ್ಪ. ಬಿರಿದ ಗೋಡೆಯನ್ನು, ಜರಿದ ಗುಡ್ಡವನ್ನು ಸರಿಪಡಿಸುವ ಖರ್ಚು ಹಾಗಲ್ಲ.