ಒಳಸಂಚಿನ ಅಪರಾಧವೂ ಸಾಕ್ಷ್ಯದ ತೂಕವೂ

ಕಳವಾದಲ್ಲಿ ಒಡವೆಯುಂಟು, ಕೊಲೆಯಾದಲ್ಲಿ ಶವವುಂಟು. ರಾಜ್ಯಕ್ಕೆ ವಿರೋಧವಾದ ಒಳಸಂಚಿನಲ್ಲಾದರೋ, ಕಾರ್ಯವು ನಡೆಯುವುದಕ್ಕೆ ಮುಂಚೆಯೇ ಅಪರಾಧವು ಪೂರ್ಣವಾಗಿರುತ್ತದೆ. ಮನಸ್ಸು ಮನಸ್ಸುಗಳು ಕೂಡಿದುದನ್ನು ನ್ಯಾಯಾಸ್ಥಾನವು ಕಾಣುವ ಬಗೆ ಯಾವುದು? ಈ ಪ್ರಶ್ನೆಯು ಬಹು ಪುರಾತನವಾದುದು.

ಕೌಟಿಲ್ಯನಿಗೆ ಇದರ ಎರಡು ಮುಖಗಳೂ ತಿಳಿದಿದ್ದುವು. ರಾಜ್ಯವನ್ನು ಅಪಹರಿಸಬಯಸಿದವನಿಗೆ ಅವನು ಘೋರವಾದ ವಧದಂಡವನ್ನು ವಿಧಿಸಿದನು. ಪ್ರಬಲರಾದ ದ್ರೋಹಿಗಳಿಗೆ ಗುಟ್ಟಾದ ಉಪಾಂಶುದಂಡವನ್ನೂ ಹೇಳಿದನು. ಅದೇ ಗ್ರಂಥದಲ್ಲಿ, ಕಳ್ಳನಲ್ಲದ ಮಾಂಡವ್ಯನು ಹಿಂಸೆಯ ಭಯದಿಂದ ತಾನೇ ಕಳ್ಳನೆಂದು ಒಪ್ಪಿಕೊಂಡುದನ್ನು ನೆನೆದು, ಪ್ರಮಾಣಗಳು ಪೂರ್ಣವಾದ ಬಳಿಕವೇ ದಂಡವೆಂದು ಎಚ್ಚರಿಸಿದನು. ರಾಜ್ಯದ ಭಯವು ಗುಟ್ಟಿನ ಕಡೆಗೆ ಸೆಳೆಯುತ್ತದೆ. ನ್ಯಾಯವು ಸಾಕ್ಷ್ಯದ ಕಡೆಗೆ ಸೆಳೆಯುತ್ತದೆ.

ಆಂಗ್ಲರ ಆಳಿಕೆಯಲ್ಲಿ 1860ರ ಇಂಡಿಯನ್ ಪೀನಲ್ ಕೋಡಿನ 121ನೆಯ ಕಲಮು ಸರಕಾರದ ವಿರುದ್ಧ ಯುದ್ಧ ಹೂಡುವುದನ್ನು ದಂಡಿಸಿತು. 1870ರಲ್ಲಿ 121-ಎ ಎಂಬ ಕಲಮು ಸೇರಿತು. ಯುದ್ಧ ಹೂಡಲು ಒಳಸಂಚು ನಡೆಸುವುದೂ, ಬಲಪ್ರಯೋಗದಿಂದ ಸರಕಾರವನ್ನು ಹೆದರಿಸಿ ಮಣಿಸಲು ಒಳಸಂಚು ನಡೆಸುವುದೂ ಇದರ ವಿಷಯ. ಸಂಚನ್ನು ಅನುಸರಿಸಿ ಯಾವ ಕಾರ್ಯವೂ ನಡೆದಿರಬೇಕಾದುದಿಲ್ಲವೆಂದು ಅದರ ವಿವರಣೆಯೇ ಹೇಳುತ್ತದೆ. ಆದುದರಿಂದ ಒಂದು ಕಾಗದ, ಒಬ್ಬ ಮಾಫಿ ಸಾಕ್ಷಿಯ ಮಾತು, ಇವೇ ಮನುಷ್ಯನ ಆಯುಷ್ಯವನ್ನು ನಿರ್ಣಯಿಸುವಂತಾಯಿತು.

ಇದರ ದೊಡ್ಡ ಪರೀಕ್ಷೆಯು ಕಲಕತ್ತೆಯ ಅಲೀಪುರದಲ್ಲಿ ನಡೆಯಿತು. 1908ನೆಯ ಏಪ್ರಿಲ್ 30ರಂದು ಮುಜಫರಪುರದಲ್ಲಿ, ಕಿಂಗ್ಸ್‌ಫರ್ಡ್ ಎಂಬ ನ್ಯಾಯಾಧೀಶನಿಗೆಂದು ಎಸೆದ ಬಾಂಬಿನಿಂದ ನಿರಪರಾಧಿಗಳಾದ ಇಬ್ಬರು ಆಂಗ್ಲ ಸ್ತ್ರೀಯರು ಮಡಿದರು. ಮೇ 2ರಂದು ಬಾರೀಂದ್ರಕುಮಾರ ಘೋಷರೂ, ಅವರ ಅಣ್ಣಂದಿರಾದ ಅರವಿಂದ ಘೋಷರೂ, ಇತರ ಹಲವರೂ ಸೆರೆಯಾದರು. ಅರವಿಂದರ ಪರವಾಗಿ ಚಿತ್ತರಂಜನ ದಾಸರು ವಾದಿಸಿದರು. ನ್ಯಾಯಾಧೀಶನಾದ ಬೀಚ್‌ಕ್ರಾಫ್ಟನು ಹಿಂದೊಮ್ಮೆ ಅರವಿಂದರೊಡನೆಯೇ ಐ.ಸಿ.ಎಸ್. ಪರೀಕ್ಷೆಗೆ ಕುಳಿತಿದ್ದವನು.

ಮಾಫಿ ಸಾಕ್ಷಿಯಾಗಿದ್ದ ನರೇನ್ ಗೋಸಾಯಿಯನ್ನು ಇಬ್ಬರು ಸಹಬಂದಿಗಳು ಆಗಸ್ಟ್ 31ರಂದು ಸೆರೆಮನೆಯಲ್ಲಿಯೇ ಗುಂಡಿಟ್ಟು ಕೊಂದರು. ಅವನು ಮೊದಲು ಕೊಟ್ಟ ಹೇಳಿಕೆಗೆ ಪ್ರತಿಪಕ್ಷದ ಪಾಟೀಸವಾಲು ನಡೆದಿರಲಿಲ್ಲ. ಆದಕಾರಣ ಅದು ಸಾಕ್ಷ್ಯವಾಗಿ ನಿಲ್ಲಲಿಲ್ಲ. ಬಾರೀಂದ್ರರು ಅಣ್ಣನಿಗೆ ಬರೆದುದೆಂದು ಪೋಲೀಸರು ಮುಂದಿಟ್ಟ ಕಾಗದವೊಂದು ಉಳಿಯಿತು. ದೇಶವೆಲ್ಲ 'ಮಿಠಾಯಿ' ಸಿದ್ಧವಿರಬೇಕೆಂದು ಅದರಲ್ಲಿತ್ತು. ಮಿಠಾಯಿಯೆಂದರೆ ಬಾಂಬೆಂದು ಸರಕಾರದ ಅರ್ಥ. ವಂಗದೇಶದ ತಮ್ಮನು ಅಣ್ಣನನ್ನು ಸಂಬೋಧಿಸುವ ರೀತಿ ಅದಲ್ಲ, ಅಣ್ಣನಿಗೆ ಪೂರ್ಣನಾಮದಿಂದ ರುಜು ಹಾಕುವುದೂ ಇಲ್ಲವೆಂದು ಪ್ರತಿಪಕ್ಷವು ವಾದಿಸಿತು. ನ್ಯಾಯಾಧೀಶನು ಆ ಕಾಗದವನ್ನು ಶಂಕಿಸಿ, ಅದನ್ನು ಆಧಾರವಾಗಿ ಹಿಡಿಯಲಿಲ್ಲ.

1909ನೆಯ ಮೇ 6ರಂದು ತೀರ್ಪಾಯಿತು. ಬಾರೀಂದ್ರರಿಗೂ ಉಲ್ಲಾಸಕರ ದತ್ತರಿಗೂ ಮರಣದಂಡನೆಯನ್ನು ವಿಧಿಸಲಾಯಿತು. ಮೇಲ್ಮನವಿಯಲ್ಲಿ ಅದು ದ್ವೀಪಾಂತರವಾಸವಾಯಿತು. ಅರವಿಂದರು ಬಿಡುಗಡೆ ಹೊಂದಿದರು. ಬಾಂಬು ಸುಳ್ಳಾಗಿರಲಿಲ್ಲ, ಸಂಚೂ ಸುಳ್ಳಾಗಿರಲಿಲ್ಲ. ಆದರೂ ಸಂಚು ಇದ್ದಿತೆಂಬುದು ಒಂದು ಮಾತು, ಇವನು ಅದರಲ್ಲಿದ್ದನೆಂಬುದು ಬೇರೊಂದು ಮಾತು ಎಂಬ ಭೇದವನ್ನು ಪರರಾಜ್ಯದ ನ್ಯಾಯಾಸ್ಥಾನವೂ ಅಂದು ಕಾಪಾಡಿತು.

ಎಲ್ಲೆಡೆಯೂ ಹೀಗಾಗಲಿಲ್ಲ. 1929ರ ಮಾರ್ಚಿಯಲ್ಲಿ ಹಿಡಿಯಲ್ಪಟ್ಟ ಕಾರ್ಮಿಕ ನಾಯಕರ ಮೇಲೆ ಮೀರತ್ತಿನಲ್ಲಿ ಇದೇ 121-ಎ ಕಲಮಿನಂತೆ ಮೊಕದ್ದಮೆ ನಡೆದು, ತೀರ್ಪು ಬಂದುದು 1933ರ ಜನವರಿಯಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಅಲಹಾಬಾದಿನ ಹೈಕೋರ್ಟು ಶಿಕ್ಷೆಗಳನ್ನು ಬಹುವಾಗಿ ತಗ್ಗಿಸಿತು. ಸೆರೆಯಲ್ಲಿ ಕಳೆದ ವರುಷಗಳನ್ನು ಹಿಂದಿರುಗಿಸಲು ಯಾವ ನ್ಯಾಯಾಸ್ಥಾನಕ್ಕೂ ಸಾಧ್ಯವಾಗಲಿಲ್ಲ.

ರಾಜ್ಯವು ಬದಲಾಯಿತು, ಕಲಮು ಉಳಿಯಿತು. 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 148ನೆಯ ಕಲಮು ಅದೇ ಅಪರಾಧವನ್ನೂ ಅದೇ ವಿವರಣೆಯನ್ನೂ ಉಳಿಸಿಕೊಂಡಿದೆ. ತನ್ನನ್ನು ಕಾಪಾಡಿಕೊಳ್ಳುವ ಹಕ್ಕು ಪ್ರಜೆಗಳ ರಾಜ್ಯಕ್ಕೂ ಉಂಟು. ಆದರೆ ಕೃತ್ಯವಿಲ್ಲದೆ ದಂಡಿಸುವ ಕಾನೂನಿಗೆ ಸಾಕ್ಷ್ಯವೊಂದೇ ಕಡಿವಾಣ.

ಅಲೀಪುರದ ತೀರ್ಪಾದ 1909ರಲ್ಲಿಯೇ ಪಂಡಿತ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರು. ಉಪಾಂಶುದಂಡವೂ ಮಾಂಡವ್ಯನ ಕಥೆಯೂ ಒಂದೇ ಹೊತ್ತಗೆಯಲ್ಲಿವೆ. ಅಧಿಕಾರದಲ್ಲಿರುವವರು ಯಾವ ಪುಟವನ್ನು ತೆರೆಯುವರೆಂಬುದರ ಮೇಲೆಯೇ ಪ್ರಜೆಯ ಕ್ಷೇಮವು ನಿಂತಿದೆ.